ಗೋಡೆ–ತಾರಸಿ ಸೇರುವ ಸಂದು: ನಮ್ಮ ಕರಾವಳಿ ಮಳೆಗೆ ಯಾವ ಉಪಾಯ ತಾಳುತ್ತದೆ?

ಮೃಗಶಿರ ಮಳೆ ಹಿಡಿದು ಮೂರು ದಿನ ಆಗಿರುವುದಿಲ್ಲ, ಅಡುಗೆಮನೆಯ ಗೋಡೆಯಲ್ಲಿ ಅಂಗೈ ಅಗಲದ ಒದ್ದೆ ಕಲೆ ಮೂಡುತ್ತದೆ. ಆರಿದ್ರಾ ಬರುವಷ್ಟರಲ್ಲಿ ಅದು ಗೋಡೆಯುದ್ದಕ್ಕೂ ಹರಡಿರುತ್ತದೆ. ಪುನರ್ವಸು ಹೊತ್ತಿಗೆ ಬಣ್ಣ ಉಬ್ಬಿ ಉದುರುತ್ತದೆ, ಸ್ವಿಚ್ ಬೋರ್ಡ್ ಮುಟ್ಟಲು ಭಯವಾಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ, ಹಳೆ ಹಂಚಿನ ಮನೆಗೆ ತಾಗಿಸಿ ಸ್ಲ್ಯಾಬಿನ ಕೋಣೆ ಕಟ್ಟಿಸಿದ ತುಂಬ ಮನೆಗಳಲ್ಲಿ ಇದೇ ಕತೆ.

ನಮ್ಮ ಮನೆ ಕುಮಟಾ ಹತ್ತಿರ. ಸಮುದ್ರ ಎರಡು ಕಿಲೋಮೀಟರ್ ದೂರ. ಅಜ್ಜನ ಕಾಲದ ಚಿರೆಕಲ್ಲಿನ ಮನೆ, ಮೇಲೆ ಮಂಗಳೂರು ಹಂಚು. ಅದರ ಪಶ್ಚಿಮದ ಗೋಡೆಗೆ ತಾಗಿಸಿ ಎರಡು ಕೋಣೆ ಕಟ್ಟಿ ಸ್ಲ್ಯಾಬ್ ಹಾಕಿಸಿದೆವು. ಹೊಸ ತಾರಸಿ ಹಳೆ ಸೂರಿಗಿಂತ ಕೆಳಗಿದೆ. ನಡುವೆ ನಾಲ್ಕು ಅಡಿ ಹಳೆ ಗೋಡೆ ಬಯಲಿಗೆ ಕಾಣುತ್ತದೆ. ಆ ಗೋಡೆ ಮತ್ತು ತಾರಸಿ ಸೇರುವ ಸಂದಿಗೆ ನಾವು ಮೂರು ಸಲ ದುಡ್ಡು ಹಾಕಿದೆವು. ಮೂರು ಸಲವೂ ಸೋರಿತು. ನಾಲ್ಕನೆಯ ಸಲ ಮಾಡಿಸಿದ್ದು ನಿಂತಿದೆ.

ಅಂಗಡಿಗೆ ಹೋದರೆ ಡಬ್ಬಿ ತೋರಿಸುತ್ತಾರೆ. ಪ್ರತಿ ಡಬ್ಬಿಯ ಮೇಲೂ ಇಷ್ಟು ವರ್ಷ ಬಾಳುತ್ತದೆ ಎಂಬ ಭರವಸೆ ಇರುತ್ತದೆ. ಆ ಭರವಸೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಡಬ್ಬಿ ಅನ್ನುವುದು ಎರಡನೆಯ ಪ್ರಶ್ನೆ. ನಿಮ್ಮ ಮನೆಯ ಆ ಸಂದು ಅಲುಗಾಡುತ್ತದೆಯೋ ಇಲ್ಲವೋ, ಇದು ಮೊದಲನೆಯದು. ಇದಕ್ಕೆ ಉತ್ತರ ಸಿಗದೆ ಆಯ್ಕೆ ಮಾಡಿದರೆ ಒಳ್ಳೆಯ ಸಾಮಾನೂ ಹಾಳು.

ಒಂದು ಕಟ್ಟಡವೋ, ಎರಡೋ?

ಗೋಡೆ ಸ್ಲ್ಯಾಬಿನ ಮೇಲೇ ಎದ್ದಿದ್ದರೆ ಅದು ಒಂದೇ ಕಟ್ಟಡ. ಪ್ಯಾರಪೆಟ್ ಗೋಡೆ, ಮಹಡಿ ಕೋಣೆಯ ಗೋಡೆ, ಮೆಟ್ಟಿಲ ಕೋಣೆಯ ಗೋಡೆ ಎಲ್ಲ ಹೀಗೆ. ಪಾಯ ಒಂದೇ, ಏಳುವುದು ಕೂರುವುದು ಒಟ್ಟಿಗೇ. ಅಲ್ಲಿ ಅಲುಗಾಟ ಕಡಿಮೆ. ಕಾಣುವುದು ಕೂದಲೆಳೆಯ ಬಿರುಕು ಅಷ್ಟೆ.

ಹಳೆ ಮನೆಗೆ ಹೊಸ ಕೋಣೆ ತಾಗಿಸಿದ್ದರೆ ಅವು ಎರಡು ಕಟ್ಟಡ. ನಡುವೆ ಸಿಮೆಂಟ್ ತುಂಬಿ ಒಂದೇ ಬಣ್ಣ ಬಳಿದರೂ ಎರಡೇ. ಹಳೆಯದು ಕೂರುವಷ್ಟು ಕೂತು ಮುಗಿದಿದೆ. ಹೊಸದು ಮೊದಲ ಕೆಲವು ವರ್ಷ ಸ್ವಲ್ಪ ಸ್ವಲ್ಪ ಕೂರುತ್ತಲೇ ಇರುತ್ತದೆ. ಅದರ ಮೇಲೆ ಬಿಸಿಲಿನ ಆಟ ಬೇರೆ. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಗೆ ಒಂದು ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ 10 ಮೀಟರ್ ಉದ್ದದ ಸ್ಲ್ಯಾಬು ಏಪ್ರಿಲ್ ಮಧ್ಯಾಹ್ನಕ್ಕೂ ಮಳೆಗಾಲದ ರಾತ್ರಿಗೂ ನಡುವೆ 30 ಡಿಗ್ರಿ ವ್ಯತ್ಯಾಸ ಕಂಡರೆ ಲೆಕ್ಕ 3 ಮಿ.ಮೀ. ಆಗುತ್ತದೆ. ಒಂದು ತುದಿ ಬಿಗಿಯಾಗಿದ್ದರೆ ಇನ್ನೊಂದು ತುದಿಯಲ್ಲಿ ಆ ಮೂರೂ ಮಿ.ಮೀ. ಕಾಣುತ್ತದೆ. ದಪ್ಪ ಹಂಚಿನ ನೆರಳಲ್ಲಿರುವ ಹಳೆ ಚಿರೆಕಲ್ಲಿನ ಗೋಡೆ ಅಷ್ಟು ಬಿಸಿಯಾಗುವುದಿಲ್ಲ. ಒಂದು ಸರಿಯುತ್ತದೆ, ಇನ್ನೊಂದು ನಿಂತಲ್ಲೇ ಇರುತ್ತದೆ. ನಡುವೆ ಅಂಟಿಸಿದ್ದು ಹರಿಯಲೇಬೇಕು, ಅಲ್ವಾ?

ಅನುಮಾನ ಇದ್ದರೆ ಅಳೆದು ನೋಡಿ. ಸಂದಿನ ಒಂದು ಬದಿಗೆ ಗೋಡೆಯಲ್ಲಿ ಒಂದು ಮೊಳೆ, ಇನ್ನೊಂದು ಬದಿಗೆ ಸ್ಲ್ಯಾಬಿನಲ್ಲಿ ಒಂದು ಮೊಳೆ ಭದ್ರವಾಗಿ ಕೂರಿಸಿ. ಎರಡರ ನಡುವಿನ ಅಂತರವನ್ನು ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಕ್ಯಾಲಿಪರಿನಿಂದ ಅಳೆಯಿರಿ. ಹೀಗೆ ಬೇಸಿಗೆಯಲ್ಲಿ ಒಂದು ವಾರ ಬರೆದಿಡಿ. ಇನ್ನೊಂದು ಹಳೆ ಪದ್ಧತಿ ಇದೆ. ತೆಳ್ಳಗಿನ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ, ಎರಡೂ ತುದಿಗೆ ಎಪಾಕ್ಸಿ ಹಾಕಿ ಅಂಟಿಸುವುದು. ಸಂದು ಸರಿದರೆ ಗಾಜು ಒಡೆಯುತ್ತದೆ. ನಮ್ಮಲ್ಲಿ ಗಾಜು ಹತ್ತನೆಯ ದಿನ ಒಡೆಯಿತು. ಈ ಕೆಲಸವನ್ನು ಮೊದಲೇ ಮಾಡಿದ್ದರೆ ಎರಡು ಸಲದ ಖರ್ಚು ಉಳಿಯುತ್ತಿತ್ತು.

ನೀರು ಎಲ್ಲಿಂದ ಹೊಕ್ಕುತ್ತದೆ?

ಇದೂ ಡಬ್ಬಿ ತರುವ ಮೊದಲಿನ ಕೆಲಸ. ತಾರಸಿಯ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ. 24 ಗಂಟೆ ಬಿಡಿ. ಎರಡು ಇಂಚು ನೀರು ಅಂದರೆ ಚದರ ಮೀಟರಿಗೆ 50 ಕಿಲೋ ತೂಕ. ಸ್ಲ್ಯಾಬಿನ ಕೆಳಗೆ ಕಬ್ಬಿಣ ಕಾಣುತ್ತಿದ್ದರೆ, ಕಾಂಕ್ರೀಟು ಉದುರುತ್ತಿದ್ದರೆ ಈ ಪರೀಕ್ಷೆ ಮಾಡಬೇಡಿ, ಮೊದಲು ಇಂಜಿನಿಯರಿಗೆ ತೋರಿಸಿ. ನೀರು ನಿಂತಾಗಲೇ ಒಳಗೆ ಒದ್ದೆಯಾದರೆ ತಪ್ಪು ಸ್ಲ್ಯಾಬಿನಲ್ಲಿ ಅಥವಾ ಸಂದಿನ ಬುಡದಲ್ಲಿ ಇದೆ.

ಒಳಗೆ ಒಣಗಿಯೇ ಇದ್ದರೆ ನೀರು ಬಿಟ್ಟು ತಾರಸಿ ಖಾಲಿ ಮಾಡಿ. ಆಮೇಲೆ ಪೈಪಿನಿಂದ ಗೋಡೆಗೆ ನೀರು ಹಿಡಿಯಿರಿ. ಯಾವಾಗಲೂ ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಬೇಕು. ಸಂದಿಗೆ ಅರ್ಧ ಗಂಟೆ, ಒಂದು ಅಡಿ ಮೇಲೆ ಅರ್ಧ ಗಂಟೆ, ಎರಡು ಅಡಿ ಮೇಲೆ ಅರ್ಧ ಗಂಟೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕಾಯುತ್ತಿರಬೇಕು.

ನಮ್ಮ ಮೂರನೆಯ ರಿಪೇರಿ ಸೋತ ಮೇಲೆ ಈ ಪರೀಕ್ಷೆ ಮಾಡಿದೆವು. ನಿಲ್ಲಿಸಿದ ನೀರಿಗೆ 24 ಗಂಟೆ ಒಂದು ಹನಿ ಬರಲಿಲ್ಲ. ಸಂದಿಗೆ ನೀರು ಹಿಡಿದರೂ ಬರಲಿಲ್ಲ. ಎರಡು ಅಡಿ ಮೇಲಿನ ಬರಿ ಚಿರೆಕಲ್ಲಿಗೆ ಹಿಡಿದಾಗ, ಇಪ್ಪತ್ತು ನಿಮಿಷದಲ್ಲಿ ಅಡುಗೆಮನೆಯ ಕಲೆ ಮಿಂಚತೊಡಗಿತು. ಚಿರೆಕಲ್ಲು ತೂತು ತೂತಾದ ಕಲ್ಲು. ಅದು ನೀರು ಕುಡಿಯುತ್ತದೆ. ಕುಡಿದ ನೀರು ಕಲ್ಲಿನೊಳಗೇ ಇಳಿದು, ನಾವು ಬಳಿದದ್ದರ ಹಿಂದಿನಿಂದ, ಒಳಗೋಡೆಗೆ ಬರುತ್ತಿತ್ತು.

ಹಿಂದೆ ಮಳೆಗಾಲಕ್ಕೆ ಮೊದಲು ಪಶ್ಚಿಮದ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದು ಮಣ್ಣಿನ ಗೋಡೆಯ ಕಾಲದ ಪದ್ಧತಿ, ಈಗ ಬೇಡ ಅಂದುಕೊಂಡಿದ್ದೆ. ಗಾಳಿಮಳೆಯ ಏಟು ಗೋಡೆಗೇ ಬೀಳದಂತೆ ತಡೆಯುವುದು ಎಷ್ಟು ದೊಡ್ಡ ಕೆಲಸ ಅಂತ ಆ ದಿನ ಗೊತ್ತಾಯಿತು.

ಸೀಲೆಂಟ್

ಎಲ್ಲರೂ ಮೊದಲು ಮಾಡುವುದು ಇದೇ. ನಾವೂ ಮಾಡಿದೆವು. ಬಂದೂಕಿನಂಥ ಸಾಧನದಿಂದ ಸಂದಿಗೆ ಒಂದು ಎಳೆ ಸೀಲೆಂಟ್, ಅಂದರೆ ಸಂದು ತುಂಬುವ ರಬ್ಬರಿನಂಥ ಅಂಟು, ಎಳೆಯುವುದು. ಅರ್ಧ ದಿನದ ಕೆಲಸ, ಖರ್ಚು ಕಡಿಮೆ. ನಮ್ಮದು ಎರಡನೆಯ ಬೇಸಿಗೆಗೆ ಒಂದು ಬದಿ ಬಿಟ್ಟುಕೊಂಡಿತು.

ಯಾಕೆ ಅಂತ ಲೆಕ್ಕದಿಂದಲೇ ತಿಳಿಯುತ್ತದೆ. ಒಳ್ಳೆಯ ಸೀಲೆಂಟಿನ ಮೇಲೆ 25 ಪ್ರತಿಶತ ಅಂತ ಬರೆದಿರುತ್ತದೆ. ಅಂದರೆ ತನ್ನ ಅಗಲದ ಕಾಲು ಭಾಗದಷ್ಟು ಹಿಗ್ಗಬಲ್ಲದು. ಸಂದು 3 ಮಿ.ಮೀ. ಸರಿಯುವುದಾದರೆ ಸೀಲೆಂಟಿನ ಅಗಲ ಕನಿಷ್ಠ 12 ಮಿ.ಮೀ. ಬೇಕು. ನಮ್ಮ ಬಿರುಕು ಇದ್ದದ್ದೇ 4 ಮಿ.ಮೀ. ಅದರಲ್ಲಿ ತುಂಬಿದ್ದು ಹರಿಯದೆ ಇನ್ನೇನು ಮಾಡುತ್ತದೆ?

ಸರಿಯಾಗಿ ಮಾಡುವುದಾದರೆ ಸಂದನ್ನು ಕೊರೆದು ಅಗಲ ಮಾಡಬೇಕು. ಒಳಗೆ ಫೋಮಿನ ಹಗ್ಗ ತುರುಕಬೇಕು. ಆ ಹಗ್ಗದ ಮೇಲೆ, ಅಗಲದ ಅರ್ಧದಷ್ಟು ಆಳಕ್ಕೆ ಸೀಲೆಂಟ್ ತುಂಬಬೇಕು. ಹಗ್ಗ ಯಾಕೆ ಅಂದರೆ, ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಮೂರೂ ಕಡೆ ಅಂಟಿದರೆ ರಬ್ಬರಿನ ಹಾಗೆ ಎಳೆಯಲು ಆಗದೆ ಹರಿಯುತ್ತದೆ. ಸಿಲಿಕೋನಿಗಿಂತ ಪಾಲಿಯುರೆಥೇನ್ ಸೀಲೆಂಟ್ ಕಲ್ಲು ಮತ್ತು ಸಿಮೆಂಟಿಗೆ ಚೆನ್ನಾಗಿ ಕೂರುತ್ತದೆ, ಮೇಲೆ ಬಣ್ಣವೂ ಹಿಡಿಯುತ್ತದೆ. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಚಿರೆಕಲ್ಲಿನ ಪುಡಿಯ ಮೇಲೆ ಎರಡೂ ಅಂಟುವುದಿಲ್ಲ. ಬ್ರಷ್ ಹಾಕಿ ಉಜ್ಜಿ, ಪ್ರೈಮರ್ ಹಚ್ಚಲೇಬೇಕು.

ಇಷ್ಟೆಲ್ಲ ಮಾಡಿದರೂ ಸೀಲೆಂಟ್ ಒಂದೇ ಸಾಕು ಅಂತ ನಾನು ಹೇಳುವುದಿಲ್ಲ. ಮೇಲೆ ಬೇರೆ ಹೊದಿಕೆ ಇದ್ದಾಗ ಒಳಗಿನ ಎರಡನೆಯ ಕಾವಲು ಅಷ್ಟೆ. ಬಿಸಿಲಿಗೆ ಬರಿ ಬಿಟ್ಟ ಸೀಲೆಂಟಿಗೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಕೈ ಹಾಕಲೇಬೇಕು.

ಮೂಲೆಗೆ ಗೋಲಾ, ಮೇಲೆ ಸಿಮೆಂಟ್–ಪಾಲಿಮರ್

ಒಂದೇ ಕಟ್ಟಡ ಆಗಿದ್ದರೆ ನನ್ನ ಮೊದಲ ಆಯ್ಕೆ ಇದೇ. ಗೋಡೆ ಮತ್ತು ತಾರಸಿಯ ಮೂಲೆಯಲ್ಲಿ ಎರಡರಿಂದ ಮೂರು ಇಂಚಿನ ಸಿಮೆಂಟ್ ಗಾರೆಯ ಇಳಿಜಾರು ಮಾಡುತ್ತಾರೆ. ಇದಕ್ಕೆ ಕೆಲವು ಗೌಂಡಿಗಳು ಗೋಲಾ ಅನ್ನುತ್ತಾರೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಗಾರೆಗೆ ಲೇಟೆಕ್ಸ್ (ಹಾಲಿನಂಥ ಅಂಟುದ್ರವ) ಬೆರೆಸಿದರೆ ಹಳೆ ಕಾಂಕ್ರೀಟಿಗೆ ಚೆನ್ನಾಗಿ ಹಿಡಿಯುತ್ತದೆ. ಗೋಣಿಚೀಲ ಹೊದಿಸಿ ಒಂದು ವಾರ ನೀರುಣಿಸಬೇಕು. ಈ ಒಂದು ವಾರವನ್ನು ನುಂಗಿಹಾಕುವವರೇ ಜಾಸ್ತಿ. ಒಣಗಿದ ಗೋಲಾ ಬಿರುಕು ಬಿಟ್ಟರೆ ಅದರ ಮೇಲಿನ ಎಲ್ಲವೂ ಬಿರುಕು ಬಿಡುತ್ತದೆ.

ಅದರ ಮೇಲೆ ಎರಡು ಭಾಗದ ಸಿಮೆಂಟ್–ಪಾಲಿಮರ್. ಒಂದು ಪುಡಿ, ಒಂದು ಹಾಲಿನಂಥ ದ್ರವ. ಎರಡನ್ನೂ ಕಲಸಿ ಒಂದು ಕೈ ಬಳಿದು, ಹಸಿ ಇದ್ದಾಗಲೇ ಫೈಬರ್ ಬಲೆ ಒತ್ತಿ, ಮೇಲೆ ಇನ್ನೊಂದು ಕೈ. ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಏರಬೇಕು, ತಾರಸಿಯ ಮೇಲೆ ಒಂದು ಅಡಿ ಬರಬೇಕು. ಇದರ ದೊಡ್ಡ ಗುಣ ಏನೆಂದರೆ ಸ್ವಲ್ಪ ತೇವ ಇರುವ ಗೋಡೆಗೂ ಹಿಡಿಯುತ್ತದೆ. ನಮ್ಮ ಕಡೆ ಗೋಡೆ ಪೂರ್ತಿ ಒಣಗುವುದೇ ಅಪರೂಪ. ಆದ್ದರಿಂದ ಈ ಗುಣಕ್ಕೆ ಬೆಲೆ ಇದೆ. ಖರ್ಚೂ ಮಿತ. ಊರಿನ ಯಾವ ಒಳ್ಳೆಯ ಗೌಂಡಿಯೂ ಮಾಡಬಲ್ಲ.

ಎಳೆತ ತಡೆಯುವ ಶಕ್ತಿ ಮಾತ್ರ ಕಡಿಮೆ. ಕೂದಲೆಳೆಯ ಬಿರುಕನ್ನು ದಾಟುತ್ತದೆ, 3 ಮಿ.ಮೀ. ಸರಿಯುವ ಸಂದನ್ನು ದಾಟುವುದಿಲ್ಲ. ನಮ್ಮ ಎರಡನೆಯ ಪ್ರಯತ್ನ ಇದು. ಕೆಲಸ ಮಾಡಿದವರ ತಪ್ಪಿಲ್ಲ, ಅಚ್ಚುಕಟ್ಟಾಗಿಯೇ ಮಾಡಿದ್ದರು. ಆದರೆ ಗೋಲಾದ ಮೇಲಂಚಿನಲ್ಲಿ ಗೆರೆ ಎಳೆದಂತೆ ಉದ್ದಕ್ಕೆ ಸೀಳಿತು. ಎರಡು ಕಟ್ಟಡಕ್ಕೆ ಇದು ಹೇಳಿ ಮಾಡಿಸಿದ ಮದ್ದಲ್ಲ.

ಅಕ್ರಿಲಿಕ್ಕೋ, ಪಾಲಿಯುರೆಥೇನೋ?

ಎರಡೂ ಬ್ರಷ್ಷಿನಲ್ಲಿ ಬಳಿಯುವ ರಬ್ಬರಿನಂಥ ಹೊದಿಕೆ. ಅಕ್ರಿಲಿಕ್ ಅಗ್ಗ, ವಾಸನೆ ಇಲ್ಲ, ಬಿಸಿಲಿಗೆ ಚೆನ್ನಾಗಿ ತಾಳುತ್ತದೆ, ಬಿಳಿ ಬಣ್ಣದ್ದು ಹಚ್ಚಿದರೆ ಕೋಣೆಯೂ ತಂಪು. ಆದರೆ ನೀರು ನಿಂತರೆ ಮೆತ್ತಗಾಗಿ ಎದ್ದು ಬರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಹಾವಸೆ ಕಟ್ಟಿ ಒದ್ದೆಯಾಗೇ ಇರುವ ತಾರಸಿಗೆ ಇದು ದೊಡ್ಡ ಕೊರತೆ. ಗೋಡೆಯ ನಿಂತ ಭಾಗಕ್ಕೆ ಪರವಾಗಿಲ್ಲ, ನೀರು ಸರಾಗ ಹರಿದುಹೋಗುವ ತಾರಸಿಗೂ ನಡೆಯುತ್ತದೆ. ಮೂಲೆಯಲ್ಲಿ ನೀರು ಮಡುಗಟ್ಟುವುದಿದ್ದರೆ ಬೇಡ.

ಪಾಲಿಯುರೆಥೇನ್ ಅದಕ್ಕಿಂತ ಬಹಳ ದುಬಾರಿ. ಎಳೆದಷ್ಟು ಎಳೆಯುತ್ತದೆ, ನಿಂತ ನೀರಿಗೂ ಜಗ್ಗುವುದಿಲ್ಲ. ಆದರೆ ಹಚ್ಚುವಾಗ ಮೇಲ್ಮೈ ಪೂರ್ತಿ ಒಣಗಿರಬೇಕು. ತೇವ ಇದ್ದರೆ ಗುಳ್ಳೆ ಏಳುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ, 16 ಗಂಟೆ ಬಿಟ್ಟು ತೆಗೆದು ನೋಡಿ. ಹಾಳೆಯ ಕೆಳಗೆ ಬೆವರು ಇದ್ದರೆ ಇನ್ನೂ ಕಾಯಬೇಕು. ಕೆಲವು ಬಗೆಯ ಪಾಲಿಯುರೆಥೇನ್ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಅವಕ್ಕೆ ಮೇಲೆ ಬಿಸಿಲು ತಡೆಯುವ ಇನ್ನೊಂದು ಕೈ ಬೇಕು. ಇದನ್ನು ಕೊಳ್ಳುವ ಮೊದಲೇ ಕೇಳಿ.

ಎರಡು ಕಟ್ಟಡದ ಸಂದಿಗೆ ಬಳಿಯುವ ಮದ್ದೇ ಬೇಕು ಅಂದರೆ ಪಾಲಿಯುರೆಥೇನ್ ಸರಿ. ಆಗಲೂ ಸಂದಿನ ನೇರಕ್ಕೆ ಒಂದು ಅಂಟದ ಪಟ್ಟಿ ಇಟ್ಟು ಅದರ ಮೇಲೆ ಬಳಿಯಬೇಕು. ಇಲ್ಲದಿದ್ದರೆ ಎಳೆತವೆಲ್ಲ ಒಂದು ಗೆರೆಯ ಮೇಲೇ ಬೀಳುತ್ತದೆ.

ಡಾಂಬರು ಹಾಳೆ

ಗ್ಯಾಸ್ ಬೆಂಕಿಯಿಂದ ಕಾಯಿಸಿ ಅಂಟಿಸುವ 3 ಅಥವಾ 4 ಮಿ.ಮೀ. ದಪ್ಪದ ಹಾಳೆ ಇದು. ಸ್ಲ್ಯಾಬಿನ ಮೇಲೆ ಬಹಳ ಭದ್ರ. ನಮ್ಮ ಮೂರನೆಯ ಪ್ರಯತ್ನ. ಹಾಳೆ ಇವತ್ತಿಗೂ ಎಲ್ಲೂ ಹರಿದಿಲ್ಲ, ನಿಲ್ಲಿಸಿದ ನೀರಿನ ಪರೀಕ್ಷೆಯಲ್ಲಿ ಗೆದ್ದದ್ದು ಅದೇ. ಆದರೆ ಗೋಡೆಯ ಮೇಲೆ ಅರ್ಧ ಅಡಿ ಏರಿಸಿ ಬಿಟ್ಟ ಅದರ ಮೇಲಂಚಿನ ಹಿಂದಿನಿಂದ ನೀರು ಇಳಿಯಿತು. ಬರಿ ಚಿರೆಕಲ್ಲಿನ ಮುಖಕ್ಕೆ ಹಾಳೆ ಅಂಟಿಸಿ ನಿಲ್ಲಿಸುವುದು ಸಾಲದು. ಗೋಡೆಯಲ್ಲಿ ಕಲ್ಲಿನ ಸಾಲಿನ ನಡುವಿನ ಗಾರೆಯನ್ನು ಕೊರೆದು, ಹಾಳೆಯ ಅಂಚನ್ನು ಒಳಗೆ ಮಡಚಿ ಗಾರೆ ತುಂಬಬೇಕು. ನಮಗೆ ಕೆಲಸ ಮಾಡಿಕೊಟ್ಟವರು ಹಾಗೆ ಮಾಡಲಿಲ್ಲ, ಕೇಳಿದಾಗ ಬೇಡ ಅಂದರು.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ. ಹಂಚಿನ ಮನೆಯ ಸೂರಿನ ಕೆಳಗೆ ಗ್ಯಾಸ್ ಬೆಂಕಿ ಹಿಡಿಯಲು ಬಿಡಬೇಡಿ. ಪಕಾಸು, ರೀಪು ಎಲ್ಲ ಹಳೆ ಒಣ ಮರ. ಮಾಡಿನ ಸಂದಿನಲ್ಲಿ ಜೇಡರಬಲೆ, ಒಣ ಎಲೆ, ಹಕ್ಕಿಗೂಡು ಇರುತ್ತವೆ. ನಮ್ಮಲ್ಲಿ ಒಂದು ಪಕಾಸಿನ ತುದಿ ಕಪ್ಪಾಯಿತು. ಬಕೆಟ್ ನೀರು ಪಕ್ಕದಲ್ಲೇ ಇತ್ತು, ಬದುಕಿದೆವು. ಅಂಥ ಕಡೆ ಬೆಂಕಿ ಇಲ್ಲದೆ ತಾನೇ ಅಂಟುವ ಡಾಂಬರು ಹಾಳೆ ಸಿಗುತ್ತದೆ, ಅದನ್ನು ಕೇಳಿ.

ಲೋಹದ ತಗಡು

ನಾಲ್ಕನೆಯದು, ನಿಂತದ್ದು ಇದು. ಇಲ್ಲಿ ಎರಡು ಕಟ್ಟಡವನ್ನು ಅಂಟಿಸುವುದೇ ಇಲ್ಲ. ಹಂಚಿನ ಮೇಲೆ ಹಂಚು ಕೂತಂತೆ ಒಂದರ ಮೇಲೊಂದು ಹೊದಿಸುವುದು. ಹಂಚನ್ನು ಯಾರೂ ಅಂಟಿಸುವುದಿಲ್ಲ, ಆದರೂ ನೂರು ವರ್ಷ ಸೋರದ ಮಾಡು ನಮ್ಮೂರಲ್ಲಿದೆ.

ಮೊದಲು ಸ್ಲ್ಯಾಬಿನ ಅಂಚಿನಲ್ಲಿ, ಗೋಡೆಗೆ ತಾಗದಂತೆ, ಒಂದು ಇಂಚು ಬಿಟ್ಟು, ಆರು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಿಸಿದೆವು. ಸ್ಲ್ಯಾಬಿಗೆ ತೂತು ಕೊರೆದು ಕಬ್ಬಿಣದ ಸರಳು ಎಪಾಕ್ಸಿಯಲ್ಲಿ ಕೂರಿಸಿದ್ದರಿಂದ ಕಟ್ಟೆ ಸ್ಲ್ಯಾಬಿನ ಜೊತೆಗೇ ಸರಿಯುತ್ತದೆ. ಆ ಒಂದು ಇಂಚಿನ ಜಾಗಕ್ಕೆ ಥರ್ಮಾಕೋಲ್ ಪಟ್ಟಿ ತುರುಕಿದೆವು. ತಾರಸಿಯ ಹೊದಿಕೆಯನ್ನು ಕಟ್ಟೆಯ ಮೇಲೆ ಹತ್ತಿಸಿ ತಂದೆವು. ಆಮೇಲೆ ಕಟ್ಟೆಗಿಂತ ಅರ್ಧ ಅಡಿ ಮೇಲೆ, ಗೋಡೆಯ ಗಾರೆಸಾಲನ್ನು ಎರಡೂವರೆ ಇಂಚು ಆಳಕ್ಕೆ ಕೊರೆದು ತಗಡಿನ ಮೇಲಂಚನ್ನು ಒಳಗೆ ಸೇರಿಸಿದೆವು. ತಗಡು ಅಲ್ಲಿಂದ ಇಳಿದು, ಕಟ್ಟೆಯನ್ನು ದಾಟಿ, ಹೊರಮೈಯಲ್ಲಿ ಎರಡು ಇಂಚು ಕೆಳಗೆ ಜೋತುಬಿದ್ದಿದೆ. ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿದವರ ಬೆನ್ನಿನ ಹಾಗೆ. ಗೋಡೆಯ ನೀರು ತಗಡಿನ ಮೇಲೆ ಹರಿದು ತಾರಸಿಗೆ ಬೀಳುತ್ತದೆ. ಕೆಳಗೆ ಸ್ಲ್ಯಾಬು ಹೇಗೆ ಬೇಕಾದರೂ ಸರಿಯಲಿ, ತಗಡಿಗೆ ಅದರ ಹಂಗಿಲ್ಲ.

ಯಾವ ಲೋಹ ಅನ್ನುವುದು ಕರಾವಳಿಯಲ್ಲಿ ಮುಖ್ಯ. ಜಿಐ ತಗಡು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಅಗ್ಗ, ಆದರೆ ಉಪ್ಪುಗಾಳಿಗೆ ಬೇಗ ತುಕ್ಕು. ಅಲ್ಯುಮಿನಿಯಂ ಗಾಳಿಗೆ ತಾಳುತ್ತದೆ, ಹಸಿ ಸಿಮೆಂಟಿಗೆ ತಾಗಿದರೆ ಕೊರೆದುಹೋಗುತ್ತದೆ. ಗೋಡೆಯೊಳಗೆ ಹೋಗುವ ಭಾಗಕ್ಕೆ ಡಾಂಬರು ಬಣ್ಣ ಬಳಿದು ಒಣಗಿಸಿ ಕೂರಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304ಕ್ಕಿಂತ 316 ದರ್ಜೆ ಉಪ್ಪಿಗೆ ಚೆನ್ನಾಗಿ ನಿಲ್ಲುತ್ತದೆ, ದುಬಾರಿ. ತಾಮ್ರ ಎಲ್ಲಕ್ಕಿಂತ ದುಬಾರಿ, ಅಲ್ಯುಮಿನಿಯಮ್ಮಿನ ಜೊತೆ ಸೇರಿಸಲೂ ಬಾರದು. ನಾವು ಡಾಂಬರು ಬಳಿದ ಅಲ್ಯುಮಿನಿಯಂ ಹಾಕಿದೆವು, ಸ್ಕ್ರೂ ಮಾತ್ರ ಸ್ಟೇನ್‌ಲೆಸ್. ಗೌಂಡಿಗೆ ಈ ಕೆಲಸ ಹೊಸದು. ಚಿತ್ರ ಬರೆದು ತೋರಿಸಬೇಕಾಯಿತು. ಕೊನೆಗೆ ತಗಡು ಮಡಚಿಕೊಟ್ಟದ್ದು ಶೀಟ್ ಕೆಲಸ ಮಾಡುವವರು.

ಇದರ ಜೊತೆಗೆ ಮೇಲಿನ ನಾಲ್ಕು ಅಡಿ ಗೋಡೆಗೂ ಮದ್ದು ಮಾಡಿದೆವು. ಇಲ್ಲದಿದ್ದರೆ ಕಲ್ಲು ಕುಡಿದ ನೀರು ತಗಡಿನ ಹಿಂದೆಯೇ ಇಳಿಯುತ್ತಿತ್ತು. ಎರಡು ದಾರಿ ಇದೆ. ಗೋಡೆಗೆ ಗಿಲಾವು ಮಾಡಿಸಿ ಹೊರಗೋಡೆಯ ಬಣ್ಣ ಹಚ್ಚುವುದು ಒಂದು. ಕಲ್ಲಿನ ಅಂದ ಉಳಿಯಬೇಕಾದರೆ, ಮೊದಲು ಕಲ್ಲಿನ ಸಾಲುಗಳ ಗಾರೆ ಸರಿಪಡಿಸಿ, ಆಮೇಲೆ ಸಿಲೇನ್–ಸಿಲೋಕ್ಸೇನ್ ದ್ರವ ಬಳಿಯುವುದು ಇನ್ನೊಂದು. ಈ ದ್ರವ ಕಲ್ಲಿನ ತೂತನ್ನು ಮುಚ್ಚುವುದಿಲ್ಲ, ನೀರು ಹೀರದಂತೆ ಮಾಡುತ್ತದೆ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗಬಲ್ಲದು. ಬಿರುಕನ್ನು ಮಾತ್ರ ಮುಚ್ಚುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ನಾವು ಎರಡನೆಯದನ್ನು ಆರಿಸಿದೆವು. ಅಜ್ಜ ಕಟ್ಟಿಸಿದ ಕಲ್ಲು ಮುಚ್ಚಲು ಮನಸ್ಸಾಗಲಿಲ್ಲ.

ಮೇಲೊಂದು ಮಾಡು

ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಈಗ ಊರೆಲ್ಲ ನಡೆದಿದೆ. ಖರ್ಚು ಜಾಸ್ತಿ. ಆದರೆ ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಹಾಕಬಹುದು, ಕೆಳಗಿನ ಕೋಣೆ ತಂಪು. ಹೊಸ ಶೀಟಿನ ಮೇಲಂಚು ಹಳೆ ಸೂರಿನ ಹಂಚಿನ ಕೆಳಗೆ ಒಂದು ಅಡಿಯಷ್ಟು ನುಸುಳುವಂತೆ ಎತ್ತರ ಹೊಂದಿದರೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಸಂದಿಗೆ ನೀರೇ ಮುಟ್ಟುವುದಿಲ್ಲ.

ಎತ್ತರ ಹೊಂದದೆ ಶೀಟು ಗೋಡೆಗೆ ಬಂದು ನಿಂತರೆ, ಸಂದು ಮೇಲಕ್ಕೆ ಹೋಯಿತು ಅಷ್ಟೆ, ಅಲ್ಲಿಗೂ ತಗಡು ಬೇಕು. ಪಶ್ಚಿಮಕ್ಕೆ ತೆರೆದಿದ್ದರೆ ಗಾಳಿಮಳೆ ಅಡ್ಡ ಹೊಡೆಯುತ್ತದೆ, ಆ ಬದಿಗೆ ಶೀಟು ಕೆಳಗಿನ ತನಕ ಇಳಿಸಬೇಕು. ಗಾಳಿಗೆ ಶೀಟು ಏಳದಂತೆ ಕಂಬಗಳನ್ನು ಸ್ಲ್ಯಾಬಿಗೆ ಬೋಲ್ಟ್ ಹಾಕಬೇಕು. ಬೋಲ್ಟಿನ ತೂತಿನಿಂದಲೇ ಸೋರಿಕೆ ಶುರುವಾದ ಮನೆಗಳೂ ಇವೆ, ಅಲ್ಲಿಗೂ ಸೀಲೆಂಟ್ ಮರೆಯಬಾರದು. ಸಮುದ್ರದ ಹತ್ತಿರ ಶೀಟಿನ ಕತ್ತರಿಸಿದ ಅಂಚು ಮತ್ತು ಸ್ಕ್ರೂ ಮೊದಲು ತುಕ್ಕು ಹಿಡಿಯುತ್ತವೆ.

ಘಟ್ಟದ ಮೇಲೆ ಲೆಕ್ಕ ಬೇರೆ

ಅಕ್ಕನ ಮನೆ ಸಿರ್ಸಿ ಹತ್ತಿರ. ದೇವಿಮನೆ ಘಟ್ಟ ಹತ್ತಿದರೆ ಉಪ್ಪುಗಾಳಿ ಇಲ್ಲ, ತಗಡಿನ ಚಿಂತೆ ಕಡಿಮೆ. ಆದರೆ ಅವರ ತಾರಸಿ ಅಡಿಕೆ ಒಣಗಿಸುವ ಅಂಗಳ. ಚಾಲಿ (ಬಿಸಿಲಲ್ಲಿ ಒಣಗಿಸಿದ ಹಣ್ಣಡಿಕೆ) ಮಾಡಲು ಒಂದೂವರೆ ತಿಂಗಳು ಅಡಿಕೆ ಅಲ್ಲೇ ಬಿದ್ದಿರುತ್ತದೆ, ದಿನಾ ಕೈಯಾಡಿಸುತ್ತಾರೆ. ಅಲ್ಲಿ ಮಾಡು ಹಾಕಿದರೆ ಬಿಸಿಲಿಲ್ಲ. ಡಾಂಬರು ಹಾಳೆ ಬೇಡವೇ ಬೇಡ, ಬಿಸಿಲಿಗೆ ಮೆತ್ತಗಾಗಿ ಬಾಯಿಗೆ ಹಾಕುವ ಅಡಿಕೆಗೆ ಹತ್ತುತ್ತದೆ. ಬರಿ ಅಕ್ರಿಲಿಕ್ ಹಚ್ಚಿದರೆ ಕೆರೆದು ಕೆರೆದು ಎದ್ದುಹೋಗುತ್ತದೆ.

ಅವರದು ಮಹಡಿ ಕೋಣೆಯ ಗೋಡೆ, ಅದೇ ಸ್ಲ್ಯಾಬಿನ ಮೇಲೆ ಎದ್ದದ್ದು. ಒಂದೇ ಕಟ್ಟಡ. ಹಾಗಾಗಿ ಭಾವ ಗೋಲಾ ಮತ್ತು ಸಿಮೆಂಟ್–ಪಾಲಿಮರ್ ಮಾಡಿಸಿ, ಮೇಲೆ ಒಂದೂವರೆ ಇಂಚು ಗಟ್ಟಿ ಗಾರೆ ಹಾಕಿಸಿದರು. ಕೆರೆತವೆಲ್ಲ ಗಾರೆಗೆ, ಹೊದಿಕೆ ಒಳಗೆ ಭದ್ರ. ನಮ್ಮಲ್ಲಿ ಸೋತ ಉಪಾಯ ಅಲ್ಲಿ ಗೆದ್ದಿತು.

ಅಲ್ಲಿ ತೊಂದರೆ ಕೊಟ್ಟದ್ದು ಬಾಗಿಲು. ಮಹಡಿ ಕೋಣೆಯಿಂದ ತಾರಸಿಗೆ ಬರುವ ಬಾಗಿಲಲ್ಲಿ ಒಳಗಿನ ನೆಲವೂ ತಾರಸಿಯೂ ಒಂದೇ ಮಟ್ಟ. ಗೋಡೆಗೆ 15 ಸೆಂ.ಮೀ. ಏರಿಸಿದ ಹೊದಿಕೆ ಹೊಸ್ತಿಲಿಗೆ ಬಂದಾಗ ಸೊನ್ನೆಗೆ ಇಳಿಯಿತು. ಜೋರು ಮಳೆಗೆ ನೀರು ಅಲ್ಲಿಂದ ಒಳಗೆ. ಕೊನೆಗೆ ಬಾಗಿಲು ಕಿತ್ತು, ಅರ್ಧ ಅಡಿ ಹೊಸ್ತಿಲು ಎತ್ತರಿಸಿ, ಬಾಗಿಲನ್ನು ಕೆಳಗಿನಿಂದ ಕೊಯ್ದು ಕೂರಿಸಿದರು. ಹೊಸದಾಗಿ ಕಟ್ಟುವವರು ಸ್ಲ್ಯಾಬ್ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ, ಆಮೇಲೆ ಸರಿಪಡಿಸುವುದು ಕಷ್ಟ.

ನೀರು ಬೇಗ ಹೋಗಬೇಕು

ಯಾವ ಉಪಾಯ ಮಾಡಿದರೂ ಇದು ಬೇಕು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. 20 ಚದರ ಮೀಟರಿನ ತಾರಸಿಗೆ 60,000 ಲೀಟರ್. ಒಂದೇ ದಿನ 100 ಮಿ.ಮೀ. ಸುರಿದರೆ 2,000 ಲೀಟರ್, ಹಳೆ ಮಾಡಿನ 30 ಚದರ ಮೀಟರ್ ಅದೇ ತಾರಸಿಗೆ ಇಳಿದರೆ ಇನ್ನೂ 3,000 ಲೀಟರ್. ಅದೂ ಸೂರಿನಿಂದ ನೇರ ಸಂದಿನ ಹತ್ತಿರವೇ ಬೀಳುತ್ತದೆ. ಹಳೆ ಸೂರಿಗೆ ಪಿವಿಸಿ ದಂಬೆ (ಮಳೆನೀರು ಹಿಡಿಯುವ ದೋಣಿ) ಕಟ್ಟಿ ನೀರನ್ನು ಬೇರೆ ಕಡೆ ಇಳಿಸಿದರೆ ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಯಿತು. ತಾರಸಿಯ ವಾಟ (ಇಳಿಜಾರು) ಗೋಡೆಯಿಂದ ಹೊರಗೆ ಇರಬೇಕು, ಮೀಟರಿಗೆ ಕನಿಷ್ಠ 1 ಸೆಂ.ಮೀ. ನೀರಿನ ತೂತು ನಾಲ್ಕು ಇಂಚಿನದು, ಒಂದಕ್ಕೆ ಎರಡಿರಲಿ. ಮಾವಿನ ಎಲೆ ಒಂದು ತೂತನ್ನು ಮುಚ್ಚಿದರೆ ಇನ್ನೊಂದು ಇರುತ್ತದೆ.

ಯಾವಾಗ ಮಾಡಿಸಬೇಕು?

ಮೇ ತಿಂಗಳಲ್ಲಿ ಎಲ್ಲರಿಗೂ ನೆನಪಾಗುತ್ತದೆ. ಆಗ ಒಳ್ಳೆಯ ಗೌಂಡಿ ಸಿಗುವುದಿಲ್ಲ, ಸಿಕ್ಕರೂ ಅವಸರ. ಗೋಡೆ ಒಣಗುವುದು ಜನವರಿ ಹೊತ್ತಿಗೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್ ಆದರೆ ಬಳಿಯುವ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಕಾದ ಸ್ಲ್ಯಾಬಿನ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ.

ಈಗ ಮಳೆ ಹಿಡಿದಿದೆ, ಗೋಡೆ ಸೋರುತ್ತಿದೆ ಅಂದರೆ ಡಬ್ಬಿ ತರಬೇಡಿ. ಹಳೆ ಸೂರಿನ ರೀಪಿಗೆ ಟಾರ್ಪಾಲು ಕಟ್ಟಿ, ಗೋಡೆಯನ್ನೂ ಸಂದನ್ನೂ ದಾಟಿ ತಾರಸಿಯ ಮೇಲೆ ಎರಡು ಅಡಿ ಬರುವಂತೆ ಇಳಿಬಿಡಿ, ಅಂಚಿಗೆ ಮರಳಿನ ಚೀಲ ಇಡಿ. ಆ ಗೋಡೆಯ ಸ್ವಿಚ್ಚಿನ ಲೈನನ್ನು ಎಲೆಕ್ಟ್ರಿಷಿಯನ್ ಕರೆಸಿ ಬಂದ್ ಮಾಡಿಸಿ. ಒಳಗಿನ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ವರ್ಷ ರಿಪೇರಿ ಆದ ಮೇಲೂ ಹೀಗೇ ಮಾಡಿ. ಚಿರೆಕಲ್ಲು ಕುಡಿದ ನೀರು ಒಣಗಲು ತಿಂಗಳುಗಳೇ ಬೇಕು. ಕಲೆ ಕಂಡ ಕೂಡಲೇ ಕೆಲಸ ಕೆಟ್ಟಿತು ಅಂತ ಅಲ್ಲ, ಗೆರೆ ದಾಟಿದರೆ ಮಾತ್ರ ಚಿಂತೆ. ಗೆರೆಯೊಳಗೇ ಕುಗ್ಗುತ್ತಿದ್ದರೆ ಪುಟ್ಟಿ, ಬಣ್ಣ ಹಚ್ಚಲು ಅವಸರ ಮಾಡದೆ ಗೋಡೆಯನ್ನು ಇನ್ನೊಂದು ಬೇಸಿಗೆ ಹಾಗೇ ಬಿಡಿ.